ಮಳೆಗಾಲದಲ್ಲಿ ನಿಂತ ಟಿಪ್ಪರ್‌ಗೆ ತೆರಿಗೆ ಏಕೆ? ತೋಟದೊಳಗಿನ ಜೆಸಿಬಿಗೆ ಪರ್ಮಿಟ್ ಬೇಕೇ?

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರ ಸಮೀಪದ ಕಾಫಿ ಬೆಳೆಗಾರ. ತೋಟದ ಕೆಲಸಕ್ಕೆಂದು ಒಂದು ಹಳೆಯ ಜೆಸಿಬಿಯನ್ನೂ ಹತ್ತು ಚಕ್ರದ ಟಿಪ್ಪರನ್ನೂ ಕೊಂಡೆ. ಬಿಡುವಿದ್ದಾಗ ಎರಡನ್ನೂ ಬಾಡಿಗೆಗೆ ಕೊಡುತ್ತೇನೆ. ಟಿಪ್ಪರ್ 2016ರ ನೋಂದಣಿ. ಆರ್‌ಸಿಯಲ್ಲಿ ಒಟ್ಟು ತೂಕ 25,000 ಕೆ.ಜಿ., ಖಾಲಿ ತೂಕ 11,000 ಕೆ.ಜಿ. ಎಂದಿದೆ. ಕಳೆದ ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಆದೇಶದಿಂದ ಭಾರಿ ವಾಹನಗಳ ಓಡಾಟ ನಿಂತಾಗ ಟಿಪ್ಪರ್ ಶೆಡ್ಡಿನಲ್ಲೇ ಇತ್ತು. ಸರ್ಕಾರವೇ ನಿಲ್ಲಿಸಿದ ಗಾಡಿಗೆ ತೆರಿಗೆ ಇಲ್ಲವೆಂದು ಪರಿಚಿತರು ಹೇಳಿದ್ದರಿಂದ ಆ ತ್ರೈಮಾಸಿಕದ ತೆರಿಗೆ ಕಟ್ಟಲಿಲ್ಲ. ಈಗ ಎಫ್‌ಸಿ (ವಾಹನದ ಯೋಗ್ಯತಾ ಪ್ರಮಾಣಪತ್ರ) ಮಾಡಿಸಲು ಹೋದರೆ ಬಾಕಿ ಮತ್ತು ದಂಡ ಎರಡೂ ತೋರಿಸುತ್ತಿದೆ. ಜೆಸಿಬಿಗೆ ಜೀವಿತಾವಧಿ ತೆರಿಗೆ ಕಟ್ಟಲಾಗಿದೆ. ಆದರೂ ಅದಕ್ಕೆ ಪರ್ಮಿಟ್, ಎಫ್‌ಸಿ ಬೇಕೆಂದು ಏಜೆಂಟರು ಹೇಳುತ್ತಾರೆ. ತೋಟದೊಳಗೆ ಓಡುವ ಯಂತ್ರಕ್ಕೆ ಯಾವ ತೆರಿಗೆಯೂ ಇಲ್ಲವೆಂದು ಸುಪ್ರೀಂ ಕೋರ್ಟೇ ಹೇಳಿದೆ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಕೆರೆ ತೋಡಿದಾಗ ಬಂದ ಮಣ್ಣನ್ನು ಅಮ್ಮತ್ತಿಯ ಒಬ್ಬರ ನಿವೇಶನ ತುಂಬಿಸಲು ಕೊಡಬೇಕೆಂದಿದ್ದೇನೆ. ಮಾಕುಟ್ಟದ ಮೂಲಕ ಕೇರಳದ ಇರಿಟ್ಟಿ ಕಡೆಯ ಬಾಡಿಗೆಯನ್ನೂ ಕೇಳುತ್ತಿದ್ದಾರೆ. ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಸಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆಬೇರೆ ವಿಷಯಗಳು ಸೇರಿಕೊಂಡಿವೆ, ಆದರೆ ಗೊಂದಲದ ಮೂಲ ಒಂದೇ. ಜೆಸಿಬಿ, ಟಿಪ್ಪರ್ ಎರಡೂ ಒಬ್ಬರದೇ ಶೆಡ್ಡಿನಲ್ಲಿ ನಿಂತು ಒಂದೇ ಕೆಲಸಕ್ಕೆ ಹೋಗುವುದರಿಂದ ಎರಡಕ್ಕೂ ಒಂದೇ ಕಾನೂನು ಎಂದು ನಾವು ಭಾವಿಸುತ್ತೇವೆ. ಕಾನೂನಿನ ದೃಷ್ಟಿಯಲ್ಲಿ ಟಿಪ್ಪರ್ ಸರಕು ಸಾಗಿಸುವ ಸಾರಿಗೆ ವಾಹನ. ಜೆಸಿಬಿ ರಸ್ತೆಯಲ್ಲಿ ಪ್ರಾಸಂಗಿಕವಾಗಿ ಮಾತ್ರ ಓಡುವ ಯಂತ್ರ. ಏಜೆಂಟರು ಟಿಪ್ಪರ್‌ನ ನಿಯಮವನ್ನು ಜೆಸಿಬಿಗೆ ಹಚ್ಚಿದ್ದಾರೆ, ನಿಮ್ಮ ಪರಿಚಿತರು ಟಿಪ್ಪರ್‌ಗೆ ಎಲ್ಲಿಯೂ ಇಲ್ಲದ ವಿನಾಯಿತಿಯನ್ನು ಕೊಟ್ಟಿದ್ದಾರೆ. ದಿನ ಕಳೆದಂತೆ ಹಣ ಏರುತ್ತಿರುವುದು ಟಿಪ್ಪರ್ ಮೇಲಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮವು ತೆರಿಗೆಯನ್ನು ವಾಹನ ಓಡಿದ್ದಕ್ಕಾಗಿ ವಿಧಿಸುವುದಿಲ್ಲ. ರಸ್ತೆಯಲ್ಲಿ ಓಡಲು ಯೋಗ್ಯವಾಗಿರುವುದಕ್ಕಾಗಿ ವಿಧಿಸುತ್ತದೆ. ನೋಂದಣಿ ಪತ್ರ ಚಾಲ್ತಿಯಲ್ಲಿರುವ ವಾಹನವನ್ನು ರಸ್ತೆಗೆ ಯೋಗ್ಯವೆಂದೇ ಭಾವಿಸಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಹೀಗಾಗಿ ಟಿಪ್ಪರ್ ಜೂನ್ ತಿಂಗಳಿಡೀ ಶೆಡ್ಡಿನಿಂದ ಹೊರಗೆ ಬರಲೇ ಇಲ್ಲ ಎಂಬುದು ನಿಜವಾಗಿದ್ದರೂ, ಅದನ್ನು ಮೊದಲೇ ಇಲಾಖೆಗೆ ತಿಳಿಸದಿದ್ದರೆ ಆ ನಿಜಕ್ಕೆ ಲೆಕ್ಕದಲ್ಲಿ ಬೆಲೆ ಇರುವುದಿಲ್ಲ. ಇನ್ನು ಜಿಲ್ಲಾಧಿಕಾರಿಗಳ ಆದೇಶ ಹೊರಡುವುದು ಬೇರೆಯೇ ಕಾಯ್ದೆಯಡಿ, ಅಂದರೆ 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಅಡಿ. ಸಾರ್ವಜನಿಕ ಸುರಕ್ಷತೆಗಾಗಿ ಒಂದು ಪ್ರದೇಶದಲ್ಲೋ ರಸ್ತೆಯಲ್ಲೋ ನಿರ್ದಿಷ್ಟ ಬಗೆಯ ವಾಹನಗಳ ಓಡಾಟವನ್ನು ನಿರ್ಬಂಧಿಸುವ ಅಧಿಕಾರ ಅದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಭಾಗದಲ್ಲಿ ಬರೆ (ಗುಡ್ಡದ ಬದಿ) ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋದದ್ದನ್ನು ಕಂಡವರಿಗೆ ಇಂತಹ ಆದೇಶದ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಆ ಆದೇಶವು ತೆರಿಗೆಯನ್ನು ಮುಟ್ಟುವುದಿಲ್ಲ. ನಿಮ್ಮ ಟಿಪ್ಪರ್ ಕೊಡಗಿನೊಳಗೆ ನಿಂತಿದ್ದ ಅದೇ ದಿನಗಳಲ್ಲಿ ಹುಣಸೂರಿನಲ್ಲೋ ಮೈಸೂರಿನಲ್ಲೋ ಓಡಬಹುದಿತ್ತು ಎಂಬುದೇ ಇಲಾಖೆಯ ಉತ್ತರವಾಗಿರುತ್ತದೆ, ಮತ್ತು ಆ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ.

ಈ ನಿರ್ಬಂಧದ ಕುರಿತು ಇನ್ನೊಂದು ತಪ್ಪು ತಿಳಿವಳಿಕೆಯೂ ಚಾಲ್ತಿಯಲ್ಲಿದೆ: ಖಾಲಿ ಟಿಪ್ಪರನ್ನು ಓಡಿಸಬಹುದು ಎಂಬುದು. ಇತ್ತೀಚಿನ ವರ್ಷಗಳ ಆದೇಶಗಳಲ್ಲಿ ಮಿತಿಯಾಗಿ ಹೇಳಿರುವ 18,500 ಕೆ.ಜಿ. ಎಂಬುದು ನೋಂದಾಯಿತ ಒಟ್ಟು ತೂಕ, ಆ ಹೊತ್ತಿಗೆ ಗಾಡಿಯಲ್ಲಿರುವ ಭಾರವಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಗಳನ್ನು ಹೆಚ್ಚಿಸಿದಾಗ ಎರಡು ಆಕ್ಸಲ್‌ನ ಆರು ಚಕ್ರದ ಲಾರಿಗೆ ನಿಗದಿಯಾದ ತೂಕವೂ ಇದೇ ಆಗಿತ್ತು. ಆದ್ದರಿಂದ ಆರು ಚಕ್ರದ ಲಾರಿ ಸಾಮಾನ್ಯವಾಗಿ ಈ ಮಿತಿಯೊಳಗೆ ಉಳಿಯುತ್ತದೆ, ಹತ್ತು ಚಕ್ರದ್ದು ಖಾಲಿಯಿದ್ದರೂ ನಿರ್ಬಂಧದೊಳಗೆ ಬರುತ್ತದೆ. ಆದೇಶ ಮೀರಿ ಓಡಿಸಿದರೆ ಅನ್ವಯಿಸುವುದು ಅಧಿಕ ಭಾರಕ್ಕೆ ಅನ್ವಯಿಸುವ 194ನೇ ಕಲಮೇ ಆಗಿದ್ದು, ಅದರ ಮೂಲ ದಂಡ 20,000 ರೂಪಾಯಿ. ಅವಧಿ, ತೂಕದ ಮಿತಿ, ಮರ ಮತ್ತು ಮರಳು ಸಾಗಣೆಯ ಮೇಲಿನ ನಿಷೇಧ, ಹಾಲು–ಇಂಧನ–ಅಡುಗೆ ಅನಿಲದಂತಹ ವಿನಾಯಿತಿಗಳು, ಇವೆಲ್ಲ ಆಯಾ ವರ್ಷದ ಆದೇಶದಲ್ಲೇ ಇರುತ್ತವೆ. ಹಿಂದಿನ ವರ್ಷದ ನೆನಪಿನ ಮೇಲೆ ಗಾಡಿ ಹೊರಡಿಸಬೇಡಿ.

ಈಗ ಬಾಕಿಗೆ ಏನು ಮಾಡಬೇಕು? ನನ್ನ ಸಲಹೆ ನೇರವಾದದ್ದು: ದಂಡ ಸಹಿತ ಕಟ್ಟಿ ಮುಗಿಸಿ. ವಾಹನ ನಿಂತಿತ್ತೆಂದು ಹಿಂದಿನ ದಿನಾಂಕಕ್ಕೆ ವಿನಾಯಿತಿ ಕೋರಿ ಅರ್ಜಿ ಕೊಡುವ ದಾರಿಯನ್ನು ಕೆಲವರು ಸೂಚಿಸುತ್ತಾರೆ. ಮೊದಲೇ ತಿಳಿಸದ ನಿಲುಗಡೆಯನ್ನು ಒಪ್ಪಿಸುವುದು ಬಲು ಕಷ್ಟ, ಮತ್ತು ಅರ್ಜಿ ತೀರ್ಮಾನವಾಗುವವರೆಗೆ ಎಫ್‌ಸಿ ಆಗುವುದಿಲ್ಲ. ತೆರಿಗೆಗಿಂತ ನನಗೆ ಹೆಚ್ಚು ಆತಂಕ ತರುವುದು ಆ ಎಫ್‌ಸಿಯೇ. ನಿಮ್ಮ ಟಿಪ್ಪರ್ ಎಂಟು ವರ್ಷ ದಾಟಿರುವುದರಿಂದ ಪ್ರತಿ ವರ್ಷ ಎಫ್‌ಸಿ ಬೇಕು. ಎಫ್‌ಸಿ ಇಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸಲಾಗದು ಎಂದು ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಹೇಳುತ್ತದೆ. ಆ ಸ್ಥಿತಿಯಲ್ಲಿ ಅಪಘಾತವಾದರೆ ವಿಮಾ ಕಂಪನಿಯು ಪರಿಹಾರದ ಹೊರೆಯನ್ನು ನಿಮ್ಮ ಮೇಲೆ ಹಾಕಲು ಅದೇ ಸಾಕಾಗುತ್ತದೆ. ಕೆಲವು ಸಾವಿರ ರೂಪಾಯಿಗಳ ತೆರಿಗೆ ವಿವಾದಕ್ಕಾಗಿ ಇಷ್ಟು ದೊಡ್ಡ ಅಪಾಯವನ್ನು ಹೊತ್ತು ತಿರುಗುವುದು ಬೇಡ.

ಮುಂದಿನ ಮಳೆಗಾಲಕ್ಕೆ ಬೇರೆ ದಾರಿ ಇದೆ. ವಾಹನವನ್ನು ಇಂಥ ದಿನದಿಂದ ಬಳಸುವುದಿಲ್ಲವೆಂದು ಆ ಅವಧಿ ಶುರುವಾಗುವ ಮೊದಲೇ ನೋಂದಣಿ ಕಚೇರಿಗೆ ತಿಳಿಸಿ, ಆರ್‌ಸಿ, ಪರ್ಮಿಟ್ ಮುಂತಾದ ದಾಖಲೆಗಳನ್ನು ಒಪ್ಪಿಸುವ ವ್ಯವಸ್ಥೆಯನ್ನು ನಮ್ಮಲ್ಲಿ ನಾನ್-ಯೂಸ್ ಎನ್ನುತ್ತಾರೆ. ವಾಹನ ಎಲ್ಲಿ ನಿಂತಿರುತ್ತದೆ ಎಂಬ ವಿಳಾಸವನ್ನೂ ಅದರಲ್ಲಿ ಕೊಡಬೇಕಾಗುತ್ತದೆ. ನಿರೀಕ್ಷಕರು ಬಂದಾಗ ಗಾಡಿ ಅಲ್ಲಿಯೇ ಇರಬೇಕು. ರಿಪೇರಿಗೆಂದು ಗ್ಯಾರೇಜಿಗೆ ಸಾಗಿಸಬೇಕಾದರೂ ಮೊದಲು ಕಚೇರಿಗೆ ತಿಳಿಸಬೇಕು. ಒಮ್ಮೆ ರಸ್ತೆಯಲ್ಲಿ ಸಿಕ್ಕಿಬಿದ್ದರೆ ವಿನಾಯಿತಿಯೂ ಹೋಗುತ್ತದೆ, ದಂಡವೂ ಬೀಳುತ್ತದೆ. ಹತ್ತು ಹದಿನೈದು ದಿನಗಳ ನಿಲುಗಡೆಗೆ ಇಷ್ಟು ಓಡಾಟ ಲಾಭದಾಯಕವಲ್ಲ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಡಿಯನ್ನು ಮುಟ್ಟುವುದೇ ಇಲ್ಲ ಎಂಬ ಖಾತ್ರಿ ನಿಮಗಿದ್ದರೆ ಖಂಡಿತ ಮಾಡಿ, ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ. ನಡುವೆ ನಿರ್ಬಂಧ ಸಡಿಲವಾದ ತಕ್ಷಣ ಎರಡು ಲೋಡು ಹೊಡೆದುಬಿಡೋಣ ಎನ್ನುವ ಸ್ವಭಾವದವರಿಗೆ ಇದು ಹೇಳಿ ಮಾಡಿಸಿದ ದಾರಿಯಲ್ಲ.

ಜೆಸಿಬಿಯ ವಿಷಯದಲ್ಲಿ ಏಜೆಂಟರ ಮಾತು ಬಹುಮಟ್ಟಿಗೆ ತಪ್ಪು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2000ರಲ್ಲಿ ನಿರ್ಮಾಣ ಸಲಕರಣೆ ವಾಹನ ಎಂಬ ವ್ಯಾಖ್ಯೆ ಸೇರಿತು. ರಬ್ಬರ್ ಟೈರಿನ ಅಥವಾ ಉಕ್ಕಿನ ಡ್ರಮ್ಮಿನ ಮೇಲೆ ತನ್ನ ಶಕ್ತಿಯಿಂದಲೇ ಚಲಿಸುವ ಎಕ್ಸ್‌ಕವೇಟರ್, ಲೋಡರ್, ಬ್ಯಾಕ್‌ಹೋ, ರೋಲರ್, ಗ್ರೇಡರ್ ಮುಂತಾದವು ಅದರಲ್ಲಿ ಬರುತ್ತವೆ. ಅವುಗಳ ಮುಖ್ಯ ಕೆಲಸ ರಸ್ತೆಯ ಹೊರಗಿನದು, ರಸ್ತೆಯಲ್ಲಿನ ಓಟ ಪ್ರಾಸಂಗಿಕ ಹಾಗೂ ಅಲ್ಪಾವಧಿಯದು, ವೇಗ ಗಂಟೆಗೆ 50 ಕಿ.ಮೀ. ಮೀರದು, ಆದ್ದರಿಂದ ಅವು ಸಾರಿಗೇತರ ವಾಹನಗಳು ಎಂದು ಆ ವ್ಯಾಖ್ಯೆಯ ವಿವರಣೆಯಲ್ಲಿಯೇ ಇದೆ. ಪರ್ಮಿಟ್ ಬೇಕಾಗುವುದು ಸಾರಿಗೆ ವಾಹನಕ್ಕೆ. ನಿಯತಕಾಲಿಕ ಎಫ್‌ಸಿಯೂ ಅದಕ್ಕೇ. ಹೀಗಿರುವಾಗ ಏಜೆಂಟರಿಗೆ ಈ ಮಾತು ಎಲ್ಲಿಂದ ಬಂತು? ವಾಹನ್ ಎಂಬ ಸರ್ಕಾರಿ ವಾಹನ ನೋಂದಣಿ ದತ್ತಾಂಶದಲ್ಲಿ ಇಂತಹ ಯಂತ್ರಗಳಿಗೆ ವಾಣಿಜ್ಯ ಎಂಬ ಪ್ರತ್ಯೇಕ ವರ್ಗವೂ ಇದೆ, ನೋಂದಣಿಯ ಹೊತ್ತಿನಲ್ಲಿ ಕೆಲವು ಯಂತ್ರಗಳು ಆ ವರ್ಗಕ್ಕೆ ಸೇರಿಹೋಗಿರುತ್ತವೆ. ಹಾಗೆ ಸೇರಿದ್ದರೆ ಗಣಕಯಂತ್ರ ಎಫ್‌ಸಿ ಕೇಳುತ್ತಲೇ ಇರುತ್ತದೆ. ನಿಮ್ಮ ಆರ್‌ಸಿಯಲ್ಲಿ ವಾಹನದ ವರ್ಗ ಎಂಬ ಸಾಲನ್ನು ಓದಿ. ನಿರ್ಮಾಣ ಸಲಕರಣೆ ವಾಹನ ಎಂದಷ್ಟೇ ಇದ್ದರೆ ಏಜೆಂಟರಿಗೆ ಕೈಮುಗಿದು ಮನೆಗೆ ಬನ್ನಿ. ಜೊತೆಗೆ ವಾಣಿಜ್ಯ ಎಂದೂ ಇದ್ದರೆ, ಖರೀದಿ ಬಿಲ್ಲು ಮತ್ತು ತೆರಿಗೆ ರಸೀದಿಯ ಪ್ರತಿಗಳೊಂದಿಗೆ ವರ್ಗ ತಿದ್ದುಪಡಿಗೆ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಅರ್ಜಿ ಕೊಡಿ. ಅದು ಇತ್ಯರ್ಥವಾಗುವ ತನಕ ಗಣಕದ ಬೇಡಿಕೆಯನ್ನು ಅಲಕ್ಷಿಸುವುದು ಕ್ಷೇಮವಲ್ಲ.

ಪಕ್ಕದ ತೋಟದವರು ಹೇಳಿದ ತೀರ್ಪು ಇರುವುದು ನಿಜ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವರಣದೊಳಗೆ ಮಾತ್ರ ಓಡುತ್ತಿದ್ದ ವಾಹನಗಳಿಗೆ ಆಂಧ್ರಪ್ರದೇಶದ ಮೋಟಾರು ವಾಹನ ತೆರಿಗೆ ಅನ್ವಯಿಸದು ಎಂದಿತು. ಆ ಆವರಣಕ್ಕೆ ಸುತ್ತಲೂ ಗೋಡೆಯಿತ್ತು, ಗೇಟಿನಲ್ಲಿ ಕಾವಲಿತ್ತು, ಅನುಮತಿಯಿಲ್ಲದೆ ಹೊರಗಿನವರು ಒಳಗೆ ಬರುವಂತಿರಲಿಲ್ಲ. ತೆರಿಗೆಯು ಸಾರ್ವಜನಿಕ ರಸ್ತೆಯ ಸೌಕರ್ಯಕ್ಕೆ ಪ್ರತಿಯಾಗಿ ಕೊಡುವಂಥದ್ದು ಎಂಬ ತರ್ಕ ಅದರ ಹಿಂದಿದೆ. 1974ರಲ್ಲಿ ಒಡಿಶಾದ ಬೊಲಾನಿ ಗಣಿಯ ಯಂತ್ರಗಳ ಪ್ರಕರಣದಲ್ಲಿಯೂ ನ್ಯಾಯಾಲಯ ಈ ದಿಕ್ಕಿನಲ್ಲೇ ಯೋಚಿಸಿತ್ತು. ಕೊಡಗಿನ ಕಾಫಿ ತೋಟಕ್ಕೆ ಈ ವರ್ಣನೆ ಹೊಂದುತ್ತದೆಯೇ ಎಂದು ನೋಡಿ. ಲೈನ್ ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಮನೆಗಳಿಗೆ, ಹೋಗುವ ದಾರಿ ನಿಮ್ಮ ತೋಟದೊಳಗೇ ಹಾದಿರಬಹುದು, ಹಿಂದಿನ ತೋಟದವರ ಜೀಪು, ಶಾಲೆಯ ಮಕ್ಕಳು, ಊರಿನವರು ಅದೇ ದಾರಿಯಲ್ಲಿ ಓಡಾಡುತ್ತಿರಬಹುದು. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವ ದಾರಿಯೂ, ಅದು ಹಾದುಹೋಗುವ ರಸ್ತೆಯಾಗಿರಲಿ ಇಲ್ಲದಿರಲಿ, ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳವೇ. ಅದಕ್ಕಿಂತ ಮುಖ್ಯವಾಗಿ, ಯಂತ್ರವನ್ನು ಬಾಡಿಗೆಗೆ ಕಳಿಸುತ್ತೇನೆಂದು ನೀವೇ ಬರೆದಿದ್ದೀರಿ. ಪಕ್ಕದ ತೋಟಕ್ಕೆ ಹೋಗಲು ಅರ್ಧ ಫರ್ಲಾಂಗು ಟಾರು ರಸ್ತೆ ಹತ್ತಿದರೂ ಆವರಣದ ವಾದ ಅಲ್ಲಿಗೆ ಮುಗಿಯಿತು. ಜೀವಿತಾವಧಿ ತೆರಿಗೆ ಹೇಗೂ ಸಂದಾಯವಾಗಿರುವುದರಿಂದ ಈ ತೀರ್ಪಿನಿಂದ ನಿಮಗೆ ಪಡೆಯುವುದೂ ಏನೂ ಇಲ್ಲ.

ಚೈನ್ ಮೇಲೆ ಚಲಿಸುವ ದೊಡ್ಡ ಯಂತ್ರದ, ಅಂದರೆ ನಮ್ಮಲ್ಲಿ ಯಾವ ಕಂಪನಿಯದಾದರೂ ಹಿಟಾಚಿ ಎನ್ನುವ ಯಂತ್ರದ, ಮಾತು ಬೇರೆ. ಉಕ್ಕಿನ ಚೈನಿನದ್ದು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದನ್ನು ತಗ್ಗಾದ ಹಾಸಿನ ಲೋಬೆಡ್ ಟ್ರೈಲರಿನ ಮೇಲೆಯೇ ಸಾಗಿಸಬೇಕು. ಟ್ರೈಲರ್ ತಿರುವಿನಲ್ಲಿ ಹೊರಳುವುದಿಲ್ಲವೆಂದು ಯಂತ್ರವನ್ನು ರಸ್ತೆಯಲ್ಲೇ ಇಳಿಸಿ ನಡೆಸಿಕೊಂಡು ಹೋಗುವುದನ್ನು ತೋಟಗಳ ಕಡೆ ಆಗಾಗ ಕಾಣುತ್ತೇವೆ. ಚೈನಿನ ಪಟ್ಟಿಗಳು ಟಾರಿನಲ್ಲಿ ಅಡ್ಡಡ್ಡಲಾಗಿ ಕಚ್ಚಿದ ಗುರುತು ತೋಟದ ಗೇಟಿನವರೆಗೆ ಸಾಲಾಗಿ ಉಳಿದಿರುತ್ತದೆ, ಪಂಚಾಯಿತಿಯವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ರಸ್ತೆ ಹಾಳಾದದ್ದರ ಖರ್ಚನ್ನು ಯಂತ್ರ ತರಿಸಿದವರಿಂದಲೇ ಕೇಳುತ್ತಾರೆ.

ಜೆಸಿಬಿಗೆ ನಿಜವಾಗಿ ಬೇಕಾದವು ನೋಂದಣಿ, ವಿಮೆ ಮತ್ತು ಅರ್ಹ ಆಪರೇಟರ್. ಮೂರನೆಯವರ ವಿಮೆ ಯಂತ್ರಕ್ಕೂ ಕಡ್ಡಾಯ. ಆಪರೇಟರ್ ಲೈಸೆನ್ಸಿನಲ್ಲಿ ಕಾರಿನ ವರ್ಗ ಮಾತ್ರವಿದ್ದು ಆ ಬಗೆಯ ಯಂತ್ರದ ನಮೂದು ಇಲ್ಲದಿದ್ದರೆ, ಅವರೆಷ್ಟೇ ಪಳಗಿದವರಾಗಿದ್ದರೂ ಅಪಘಾತದ ದಿನ ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದು ಆ ಪುಟವನ್ನೇ. ಯಂತ್ರವನ್ನು ಹಳೆಯದಾಗಿ ಕೊಂಡಿದ್ದೀರಿ. ಮಾಲೀಕತ್ವ ಮತ್ತು ವಿಮೆ ಎರಡೂ ನಿಮ್ಮ ಹೆಸರಿಗೆ ವರ್ಗವಾಗಿವೆಯೇ ಎಂದು ಇಂದೇ ನೋಡಿ. ರಾಜ್ಯದೊಳಗಿನ ಮಾರಾಟವನ್ನು ತಿಳಿಸಲು ಕಾಯ್ದೆ ಕೊಟ್ಟಿರುವ ಕಾಲಾವಕಾಶ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಮಾತ್ರ. ಟಿಪ್ಪರ್‌ನ ಪರ್ಮಿಟ್ ಕೂಡ ಗಾಡಿಯ ಜೊತೆ ತಾನಾಗಿ ಬರುವುದಿಲ್ಲ, ಅದನ್ನೂ ಪ್ರಾಧಿಕಾರದ ಅನುಮತಿಯಿಂದಲೇ ವರ್ಗಾಯಿಸಿಕೊಳ್ಳಬೇಕು.

ಮಣ್ಣಿನ ವಿಷಯಕ್ಕೆ ನೀವು ಒಂದೇ ಸಾಲು ಮೀಸಲಿಟ್ಟಿದ್ದೀರಿ. ನನ್ನ ಅನುಭವದಲ್ಲಿ ಟಿಪ್ಪರ್ ಮಾಲೀಕರು ಹೆಚ್ಚು ಪೆಟ್ಟು ತಿನ್ನುವುದು ಅಲ್ಲಿಯೇ. ರಸ್ತೆ, ಕಟ್ಟಡ ಮುಂತಾದವುಗಳ ನಿರ್ಮಾಣದಲ್ಲಿ ತುಂಬಲು ಅಥವಾ ಸಮತಟ್ಟು ಮಾಡಲು ಬಳಸುವ ಸಾಧಾರಣ ಮಣ್ಣನ್ನು ಕೇಂದ್ರ ಸರ್ಕಾರ 2000ರ ಫೆಬ್ರವರಿಯಲ್ಲಿ ಉಪ ಖನಿಜವೆಂದು ಘೋಷಿಸಿದೆ. ಕೆರೆಯಿಂದ ತೆಗೆದ ಮಣ್ಣನ್ನು ನಿಮ್ಮದೇ ತೋಟದ ತಗ್ಗಿಗೆ ಹಾಕಿ ಕಣ ವಿಸ್ತರಿಸಿದರೆ ಒಂದು ಮಾತು. ಅದೇ ಜಾಗದಲ್ಲಿ ಮರುಬಳಕೆಯಾದ ಮಣ್ಣಿಗೆ ಈ ಘೋಷಣೆ ತಾನಾಗಿ ಅನ್ವಯಿಸದು, ಬಳಕೆಯ ಉದ್ದೇಶವನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಪುಣೆಯ ಕಟ್ಟಡ ನಿರ್ಮಾಪಕರ ಪ್ರಕರಣದಲ್ಲಿ ಹೇಳಿದೆ. ಅಮ್ಮತ್ತಿಯ ನಿವೇಶನ ತುಂಬಿಸಲು ಸಾಗಿಸಿದರೆ, ಹಣ ಪಡೆದರೂ ಪಡೆಯದಿದ್ದರೂ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ, ರಾಜಧನ (ರಾಯಲ್ಟಿ) ಮತ್ತು ಸಾಗಣೆ ಪರವಾನಗಿಯ ಪ್ರಶ್ನೆ ಏಳುತ್ತದೆ. ಆರ್‌ಟಿಒ ಕೊಟ್ಟ ಪರ್ಮಿಟ್ ಗಾಡಿಗೆ ಸಂಬಂಧಿಸಿದ್ದು, ಗಣಿ ಇಲಾಖೆಯದು ಗಾಡಿಯಲ್ಲಿರುವ ಸರಕಿಗೆ ಸಂಬಂಧಿಸಿದ್ದು. ಒಂದನ್ನು ತೋರಿಸಿ ಇನ್ನೊಂದರಿಂದ ಪಾರಾಗಲು ಬರುವುದಿಲ್ಲ. ಜಲ್ಲಿ ಮತ್ತು ಎಂ-ಸ್ಯಾಂಡ್‌ಗೂ ಇದೇ ನಿಯಮ. ಪರವಾನಗಿಯಿಲ್ಲದ ಸಾಗಣೆಯಲ್ಲಿ ಗಾಡಿಯನ್ನೇ ಜಪ್ತಿ ಮಾಡುವ ಅಧಿಕಾರ ಖನಿಜ ಕಾಯ್ದೆಯ 21ನೇ ಕಲಂನಲ್ಲಿದೆ, ಮತ್ತು ಜಪ್ತಿಯಾದ ಗಾಡಿಯನ್ನು ಬಿಡಿಸಿಕೊಳ್ಳುವುದು ದಂಡ ಕಟ್ಟಿ ಹೊರಡುವಷ್ಟು ಸುಲಭವಲ್ಲ.

ತೂಕದ ಲೆಕ್ಕವನ್ನೂ ಇಲ್ಲಿಯೇ ಹಾಕೋಣ. ನಿಮ್ಮ ಆರ್‌ಸಿ ಪ್ರಕಾರ ಟಿಪ್ಪರ್ ಹೊರಬಹುದಾದ ಸರಕು 25,000ದಲ್ಲಿ 11,000 ಕಳೆದರೆ ಉಳಿಯುವ 14,000 ಕೆ.ಜಿ., ಅಂದರೆ 14 ಟನ್. 2018ರ ಬಳಿಕ ಹತ್ತು ಚಕ್ರದ ಗಾಡಿಗೆ 28,500 ಕೆ.ಜಿ. ಆಯಿತಲ್ಲ ಎಂದು ಚಾಲಕರು ವಾದಿಸುತ್ತಾರೆ. ನಿಮ್ಮ ಆರ್‌ಸಿಯಲ್ಲಿ ಆ ಅಂಕಿ ತಿದ್ದುಪಡಿಯಾಗದ ಹೊರತು ತನಿಖೆಯ ವೇಳೆ ಲೆಕ್ಕಕ್ಕೆ ಬರುವುದು 25,000 ಮಾತ್ರ. ತೇವದ ಕೆಂಪು ಮಣ್ಣು ಒಂದು ಘನ ಮೀಟರಿಗೆ ಸುಮಾರು 1.7 ಟನ್ ತೂಗುತ್ತದೆ. ನಿಮ್ಮ ಟಿಪ್ಪರ್‌ನ ಪೆಟ್ಟಿಗೆ 14 ಘನ ಮೀಟರಿನದೆಂದು ಇಟ್ಟುಕೊಂಡರೂ ಅಂಚಿನ ಮಟ್ಟಕ್ಕೆ ತುಂಬಿದರೆ ಹೆಚ್ಚುಕಡಿಮೆ 24 ಟನ್ ಆಗುತ್ತದೆ, ಅಂದರೆ 10 ಟನ್ ಅಧಿಕ. 194ನೇ ಕಲಂ ಪ್ರಕಾರ ಮೂಲ ದಂಡ 20,000 ರೂಪಾಯಿ, ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಒಟ್ಟು 40,000 ರೂಪಾಯಿ, ಮೇಲೆ ಹೆಚ್ಚುವರಿ ಸರಕನ್ನು ಇಳಿಸುವ ಖರ್ಚು. ಬಾಡಿಗೆಯನ್ನು ಲೋಡಿನ ಲೆಕ್ಕದಲ್ಲಿ ಮಾತಾಡುವ ನಮ್ಮ ರೂಢಿಯೇ ಇದಕ್ಕೆ ಮುಖ್ಯ ಕಾರಣ. ಕೊಳ್ಳುವವರು ತುಂಬಿದ ಗಾಡಿಯನ್ನೇ ಒಂದು ಲೋಡು ಎನ್ನುತ್ತಾರೆ, ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ಕಳಿಸಿದರೆ ಮೋಸವೆನ್ನುತ್ತಾರೆ. ಟನ್ನಿನ ಲೆಕ್ಕದಲ್ಲಿ ದರ ಒಪ್ಪಿಕೊಂಡು ವೇ ಬ್ರಿಡ್ಜಿನ ಚೀಟಿಯನ್ನು ಚಾಲಕರ ಕೈಗೆ ಕೊಡುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ನೀವಾದರೂ ಹಾಗೆ ಮಾಡಿ. 14 ಟನ್ನಿನ ಮಟ್ಟಕ್ಕೆ ಪೆಟ್ಟಿಗೆಯ ಒಳಬದಿಯಲ್ಲಿ ಬಣ್ಣದಿಂದ ಗುರುತು ಎಳೆದುಕೊಂಡಿದ್ದರೆ, ಮಳೆ ಬಿದ್ದ ಮರುದಿನ ಅದನ್ನು ಇನ್ನೂ ಒಂದು ಗೇಣು ಕೆಳಗೆ ಎಂದು ಭಾವಿಸಬೇಕಾಗುತ್ತದೆ, ಏಕೆಂದರೆ ಅಷ್ಟೇ ಮಣ್ಣು ನೀರು ಕುಡಿದು ಹೆಚ್ಚು ತೂಗುತ್ತದೆ.

ಕೊನೆಯದಾಗಿ ಮಾಕುಟ್ಟ ದಾರಿ. ಕರ್ನಾಟಕದೊಳಗಿನ ಪರ್ಮಿಟ್ ಮಾತ್ರ ಇರುವ ಟಿಪ್ಪರ್ ಇರಿಟ್ಟಿಗೆ ಹೋಗುವಂತಿಲ್ಲ. ಕೇರಳಕ್ಕೆ ಹೋಗುವ ಕುಟ್ಟ ಮತ್ತು ಕರಿಕೆ ದಾರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಪರೂಪಕ್ಕೊಂದು ಬಾಡಿಗೆಯಾದರೆ ತಾತ್ಕಾಲಿಕ ಪರ್ಮಿಟ್ ಪಡೆದು ಕೇರಳದ ತೆರಿಗೆಯನ್ನು ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ ಹೋಗುವುದು ಅಗ್ಗ. ತಿಂಗಳು ತಿಂಗಳೂ ಹೋಗುವುದಾದರೆ ನ್ಯಾಷನಲ್ ಪರ್ಮಿಟ್ ಯೋಚಿಸಬಹುದು. ಅದರ ಸಂಯುಕ್ತ ಶುಲ್ಕ ವರ್ಷಕ್ಕೆ 16,500 ರೂಪಾಯಿ. ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ವಾಹನಕ್ಕೆ 15 ವರ್ಷದವರೆಗೆ ಅದು ಸಿಗುವುದರಿಂದ ನಿಮ್ಮ ಟಿಪ್ಪರ್‌ಗೆ 2031ರವರೆಗೆ ಅವಕಾಶವಿದೆ. ಆದರೆ ಕೇರಳದ ಬಾಡಿಗೆ ಕೇಳುತ್ತಿರುವವರು ಏನನ್ನು ಸಾಗಿಸಲು ಕೇಳುತ್ತಿದ್ದಾರೆ ಎಂಬುದನ್ನು ನೀವು ಬರೆದಿಲ್ಲ. ಕಲ್ಲು, ಜಲ್ಲಿ, ಮಣ್ಣು ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಮುಂಗಡ ತೆಗೆದುಕೊಳ್ಳುವ ಮೊದಲು ಸರಕಿನ ಪರವಾನಗಿ ಯಾರ ಹೆಸರಿನಲ್ಲಿದೆ, ಅದು ಗಡಿಯಾಚೆಗೂ ಊರ್ಜಿತವೇ ಎಂದು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಆ ಬಾಡಿಗೆಯನ್ನು ಒಪ್ಪಬೇಡಿ.